ನಲವತ್ತೊಂದು-ಬಿ: ಖಾಲಿ ಮನೆ

ಕಳೆದ ವಾರ ವಡಪಳನಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕೋಡಂಬಾಕ್ಕಂ ಹತ್ತಿರ ಸಿಗ್ನಲ್ಲಿಗೆ ಬಸ್ಸು ನಿಂತಿತು. ಪಕ್ಕದಲ್ಲಿ ಹಳೆಯ ಕಟ್ಟಡವೊಂದನ್ನು ಕೆಡವಿದ್ದರು. ಧೂಳು ಏಳದಿರಲಿ ಎಂದು ಒಬ್ಬ ಪೈಪು ಹಿಡಿದು ಇಟ್ಟಿಗೆ ರಾಶಿಯ ಮೇಲೆ ನೀರು ಬಿಡುತ್ತಿದ್ದ. ಬಿಸಿಲಿಗೆ ಕಾದ ಸುಣ್ಣದ ಗೋಡೆಗೆ ನೀರು ಬಿದ್ದರೆ ಒಂದು ವಾಸನೆ ಬರುತ್ತದೆ. ಅದು ಮಳೆ ಬಿದ್ದ ಮಣ್ಣಿನ ವಾಸನೆಯಲ್ಲ, ಅದಕ್ಕಿಂತ ತಣ್ಣಗಿನದು, ಸ್ವಲ್ಪ ಗಂಟಲು ಹಿಡಿಯುವಂಥದ್ದು. ಅದು ಕಿಟಕಿಯಿಂದ ಒಳಗೆ ಬಂತು. ನಾನು ಇಳಿಯಬೇಕಾದ ನಿಲ್ದಾಣಕ್ಕೆ ಇನ್ನೂ ದೂರವಿತ್ತು. ಅಲ್ಲೇ ಇಳಿದುಬಿಟ್ಟೆ. ಇಳಿದ ಮೇಲೆ ಯಾಕೆ ಇಳಿದೆ ಎಂದು ತಿಳಿಯದೆ ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ.

ಆ ಒಂದು ಬೇಸಿಗೆಯನ್ನು ಕ್ರಮವಾಗಿ ಹೇಳಲು ಹಲವು ಸಲ ಪ್ರಯತ್ನಪಟ್ಟಿದ್ದೇನೆ. ಪ್ರತಿಸಲವೂ ಒಂದು ಜಾಗದಲ್ಲಿ ಬಂದು ನಿಲ್ಲುತ್ತೇನೆ. ಒಂದು ಮಧ್ಯಾಹ್ನ ಒಂದು ಗೇಟಿನ ಮುಂದೆ ನಿಂತು ನಾನು ಎರಡು ಪದ ಹೇಳಿದೆ. ಯಾವ ಭಾಷೆಯಲ್ಲಿ ಹೇಳಿದೆ ಎಂಬುದು ನನಗೆ ಇವತ್ತಿಗೂ ಖಚಿತವಿಲ್ಲ.

ನಾನು ಮಂಡ್ಯದ ಕಡೆಯವಳು. ಓದಿದ್ದು ಹಳೆಯ ಕಟ್ಟಡಗಳನ್ನು ಉಳಿಸುವ ವಿದ್ಯೆ. ಆ ಬೇಸಿಗೆಯ ಹೊತ್ತಿಗೆ ಚೆನ್ನೈಗೆ ಬಂದು ಒಂದು ವರ್ಷ ಆಗಿತ್ತು. ನಮ್ಮದು ಚಿಕ್ಕ ಕಚೇರಿ. ಎಲ್ಲಾದರೂ ಹೊಸ ರಸ್ತೆಯೋ ಸೇತುವೆಯೋ ಬರುವ ಮೊದಲು ಅದರ ದಾರಿಯಲ್ಲಿ ಏನೇನಿದೆ, ಅವುಗಳಲ್ಲಿ ಯಾವುದು ಹಳೆಯದು, ಯಾವುದರ ಜೊತೆ ಜನರಿಗೆ ನಂಟಿದೆ, ಕೆಲಸ ಶುರುವಾದರೆ ಅದಕ್ಕೆ ಎಷ್ಟು ಪೆಟ್ಟು ಬೀಳುತ್ತದೆ ಎಂದು ನೋಡಿ ವರದಿ ಬರೆದು ಕೊಡುವುದು ನಮ್ಮ ಕೆಲಸ. ಆ ವರ್ಷ ಕೋಡಂಬಾಕ್ಕಂ ಕಡೆಯ ಒಂದು ರಸ್ತೆಯನ್ನು ಅಗಲ ಮಾಡಿ ಮೇಲೊಂದು ಫ್ಲೈಓವರ್ ಕಟ್ಟುವ ಯೋಜನೆ ನಮ್ಮ ಪಾಲಿಗೆ ಬಂತು. ವರದಿಯಲ್ಲಿ ಸೇರಿದ ಕಟ್ಟಡಕ್ಕೆ ಒಂದು ಅವಕಾಶ ಇರುತ್ತಿತ್ತು. ದಾರಿ ಸ್ವಲ್ಪ ಸರಿಯಬಹುದು, ಅಥವಾ ಕೆಡವುವ ಮೊದಲು ಬೇಕಾದ ಭಾಗವನ್ನು ಬಿಡಿಸಿ ಇಡಬಹುದು, ಏನೂ ಆಗದಿದ್ದರೆ ಅಳತೆ ತೆಗೆದು ಚಿತ್ರವಾದರೂ ಮಾಡಬಹುದು. ಸೇರದ ಕಟ್ಟಡಕ್ಕೆ ಯಾವುದೂ ಇಲ್ಲ.

ಊರವರು ಕತ್ತಿರಿ ಎಂದು ಕರೆಯುವ ಬಿಸಿಲಿನ ದಿನಗಳು ಅವು. ಬೆಳಗ್ಗೆ ಏಳಕ್ಕೇ ಟೇಪು ಮುಟ್ಟಿದರೆ ಬೆರಳು ಚುರುಕ್ ಎನ್ನುತ್ತಿತ್ತು. ನನ್ನ ಜೊತೆ ಕೆಲಸ ಮಾಡುತ್ತಿದ್ದವನು ಸೆಲ್ವಂ. ಅಳತೆಯಲ್ಲಿ ಒಂದು ಬೆರಳು ಹೆಚ್ಚುಕಡಿಮೆ ಆಗಲು ಬಿಡದ ಮನುಷ್ಯ. ಗೋಡೆ ಅಳೆಯುವುದು ಅವನು, ನೋಡಿ ಕೇಳಿ ನೋಟ್‌ಬುಕ್ಕಿನಲ್ಲಿ ವಿವರ ಬರೆಯುವುದು ನಾನು. ಪ್ರತಿ ಜಾಗಕ್ಕೂ ಒಂದು ಸಂಖ್ಯೆ ಕೊಟ್ಟು, ಅಲ್ಲಿ ಇರುವುದು ಏನು ಎಂಬುದನ್ನು ಟ್ಯಾಬಿನಲ್ಲಿ ತುಂಬುವುದು ಮತ್ತೆ ಅವನು. ಅವನು ತಮಿಳನ್ನು ನಿಧಾನವಾಗಿ ಆಡುತ್ತಿದ್ದ. ನಾನು ಕನ್ನಡವನ್ನು ನಿಧಾನವಾಗಿ ಆಡುತ್ತಿದ್ದೆ. ನಡುವೆ ಗೊತ್ತಿದ್ದಷ್ಟು ತಮಿಳು, ಗೊತ್ತಿದ್ದಷ್ಟು ಇಂಗ್ಲಿಷು. ತಲೆ, ಮಳೆ, ಎಲೆ, ಮರ, ಕಲ್ಲು, ನೀರು, ಎಲ್ಲ ಒಂದೇ ಅಲ್ಲವೇ ಎಂದು ನಾವಿಬ್ಬರೂ ಖುಷಿಪಟ್ಟಿದ್ದೆವು. ಅರ್ಥವಾಗಲಿಲ್ಲ ಎಂದು ನಾವು ಒಬ್ಬರಿಗೊಬ್ಬರು ಹೇಳಿದ್ದು ನೆನಪಿಲ್ಲ.

ನಲವತ್ತೊಂದನೆಯ ಜಾಗ ಒಂದು ಮೆಸ್ಸು. ಮುಖ್ಯ ರಸ್ತೆಯಿಂದ ಒಳಕ್ಕೆ ತಿರುಗುವ ಗಲ್ಲಿಯಲ್ಲಿತ್ತು. ಅದರ ಮುಂದೆ ನಿಂತಿದ್ದಾಗ ಊರಿನಿಂದ ಅಮ್ಮನ ಫೋನು ಬಂತು. "ಆಮೇಲೆ ಮಾಡ್ತೀನಮ್ಮ, ಬಿಸ್ಲಲ್ಲಿ ನಿಂತಿದೀನಿ" ಎಂದು ಇಟ್ಟೆ.

"ಬಿಸಿಲಲ್ಲಿ ಎಂತಕ್ಕೆ ನಿಂತದ್ದು? ಒಳಗೆ ಬಾ ಮಾರಾಯ್ತಿ, ತಲೈವಲಿ ಬರ್ತದೆ" ಎಂದು ಒಳಗಿನಿಂದ ಹೆಂಗಸಿನ ಧ್ವನಿ ಕೇಳಿತು.

ಅವರು ವಾರಿಜಕ್ಕ. ಅರವತ್ತು ದಾಟಿದವರು. ಅವರ ತಂದೆ ಕುಂದಾಪುರದ ಕಡೆಯಿಂದ ಬಂದು ಸ್ಟುಡಿಯೋಗಳ ಜನಕ್ಕೆ ಊಟ ಹಾಕಲು ಆ ಮೆಸ್ಸು ಇಟ್ಟವರಂತೆ. ವಾರಿಜಕ್ಕ ಹುಟ್ಟಿದ್ದು ಇಲ್ಲೇ. ತಲೆನೋವಿಗೆ ತಲೈವಲಿ ಎನ್ನುವುದೂ ಮಾರಾಯ್ತಿ ಎನ್ನುವುದೂ ಅವರ ಬಾಯಲ್ಲಿ ಒಂದೇ ಉಸಿರಿನಲ್ಲಿ ಬರುತ್ತಿದ್ದವು.

"ಯಾವ ಊರು? ಮಂಡ್ಯವಾ? ಮುದ್ದೆ ಇಲ್ಲ ಮತ್ತೆ. ಅನ್ನ ಉಣ್ತೀಯಲ್ಲ?"

ಸೆಲ್ವಂ ಸಾಂಬಾರಿನ ಒಂದು ತುತ್ತು ಬಾಯಿಗಿಟ್ಟು ನನ್ನ ಕಡೆ ನೋಡಿದ. "ಮೇಡಂ, ಇದು ಸಾಂಬಾರಾ, ಪಾಯಸಮಾ?"

"ಸಾಪ್ಪಿಟ್ಟು ಪೇಸು ತಂಬಿ," ತಿಂದು ಮಾತಾಡು ಎಂದರು ವಾರಿಜಕ್ಕ. ಅವನು ಮೂರು ಸಲ ಬಡಿಸಿಕೊಂಡ. ಆಮೇಲೆ ಟೇಪು ಹಿಡಿದು ಎದುರು ಸಾಲಿಗೆ ಹೋದ.

ನಾವು ಯಾಕೆ ಬಂದಿದ್ದೇವೆ ಎಂದು ತಿಳಿದ ಮೇಲೆ ವಾರಿಜಕ್ಕ ಕೈ ಒರೆಸಿಕೊಂಡು ಬೀಗದ ಕೈ ತಂದರು. ಒಂದು ಪಾತ್ರೆಯಲ್ಲಿ ನೀರು, ಮೇಜು ಒರೆಸುವ ಒಂದು ಬಟ್ಟೆಯನ್ನೂ ತೆಗೆದುಕೊಂಡರು. "ಪಕ್ಕದ ಖಾಲಿ ಮನೆ ನೋಡಿದ್ಯಾ? ಅದನ್ನು ನೋಡದೆ ಎಂತ ಬರೀತಿ ನೀನು?"

ಮೆಸ್ಸಿಗೂ ಮುಖ್ಯ ರಸ್ತೆಗೂ ನಡುವೆ, ಮೂಲೆಯಲ್ಲಿ, ಹೆಂಚಿನ ಸಣ್ಣ ಮನೆ. ಮುಂದೆ ಎತ್ತರದ ಕಾಂಪೌಂಡು, ತಗಡಿನ ಗೇಟು. ಹೊರಗಿನಿಂದ ಬೇವಿನ ಮರ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮನೆಯ ವಾರಸುದಾರರು ಕೊಯಮತ್ತೂರಿನಲ್ಲಿದ್ದರು. ಅವರಿಗೆ ಅದರ ಮೇಲೆ ಯಾವ ಆಸೆಯೂ ಇರಲಿಲ್ಲ. ಕಸ ಗುಡಿಸಲು ಒಂದು ಕೀಲಿ ವಾರಿಜಕ್ಕನ ಕೈಗೆ ಕೊಟ್ಟಿದ್ದರು, ಅಷ್ಟೆ.

ಒಳಗೆ ಒಂದೇ ದೊಡ್ಡ ಕೋಣೆ. ಬಿಳಿ ಗೋಡೆ. ನಾನು ಸುತ್ತ ನೋಡಿದೆ. ತೊಲೆ ಸಾಧಾರಣ, ನೆಲ ಸಾಧಾರಣ. ಬರೆದುಕೊಳ್ಳಲು ಏನೂ ಇರಲಿಲ್ಲ.

"ನಿಲ್ಲು," ಎಂದು ವಾರಿಜಕ್ಕ ಬಟ್ಟೆ ಅದ್ದಿ, ಹಿಂಡದೆ, ಗೋಡೆಯ ಮೇಲೆ ಎಳೆದರು.

ಸುಣ್ಣ ಒದ್ದೆಯಾದರೆ ತೆಳ್ಳಗಾದ ಹಾಗೆ ಕಾಣುತ್ತದೆ, ಕೆಳಗಿರುವುದನ್ನು ಬಿಟ್ಟುಕೊಡುತ್ತದೆ. ಒಂದು ಸಾಲು ಕಪ್ಪು ಅಕ್ಷರ ಮೇಲೆ ಬಂತು. ತಮಿಳು ಅಕ್ಷರ. ನಾನು ಆಗ ತಾನೇ ತಮಿಳು ಓದಲು ಕಲಿತಿದ್ದೆ. ಒಂದೊಂದೇ ಕೂಡಿಸಿ ಓದಿದೆ. ಅದು ತಮಿಳಲ್ಲ. "ನಾನು ನಿಮಗೋಸ್ಕರ ಕಾದಿದ್ದೆ" ಎಂದಿತ್ತು. ಕೆಲವು ಅಕ್ಷರಗಳ ತಲೆಯ ಮೇಲೆ ಕೆಂಪು ಬಣ್ಣದಲ್ಲಿ ಚಿಕ್ಕ ಅಂಕಿಗಳು. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಗೋಸ್ಕರದ ಗೋ ಮೇಲೆ ಮೂರು ಎಂದಿತ್ತು, ಅಂದರೆ ಮೂರನೆಯದು, ಗ ಎಂದು ಹೇಳು.

"ಮೇಷ್ಟ್ರು ಬರ್ದದ್ದು," ಎಂದರು ವಾರಿಜಕ್ಕ.

ಕನ್ನಡ ಚಿತ್ರಗಳ ಶೂಟಿಂಗು ಇಲ್ಲೂ ನಡೆಯುತ್ತಿದ್ದ ಕಾಲ ಅದು. ಕನ್ನಡ ಬಾರದ ನಟಿಯರು, ಚಿಕ್ಕಪುಟ್ಟ ಪಾತ್ರದವರು ಈ ಕೋಣೆಗೆ ಬಂದು ಕೂತು ಮಾತು ಕಲಿಯುತ್ತಿದ್ದರಂತೆ. ಕಲಿಸುತ್ತಿದ್ದವರು ಒಬ್ಬ ಮೇಷ್ಟ್ರು, ಒಂಟಿ ಮನುಷ್ಯ, ಎರಡು ಹೊತ್ತೂ ಮೆಸ್ಸಿನ ಊಟ. ಹಲಗೆ ಸಾಲದೆ ಗೋಡೆಗೇ ಬರೆಯುತ್ತಿದ್ದರು. ಒಂದು ಚಿತ್ರ ಮುಗಿದರೆ ಒಂದು ಕೈ ಸುಣ್ಣ ಬಳಿದು ಅದರ ಮೇಲೆ ಮುಂದಿನ ಚಿತ್ರದ ಮಾತು. ಆ ಗೋಡೆಯಲ್ಲಿ ಎಷ್ಟು ಪದರ ಇತ್ತೋ ಯಾರಿಗೂ ಗೊತ್ತಿರಲಿಲ್ಲ. ಹುಡುಗಿಯಾಗಿದ್ದ ವಾರಿಜಕ್ಕ ಕಾಫಿ ತಂದುಕೊಟ್ಟು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ನಂಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ, ಗೊತ್ತುಂಟಾ? ಶಾಲೆ ಎಲ್ಲ ತಮಿಳು. ಬರ್ದ ಕನ್ನಡ ಅಂತ ನಾನು ಓದಿದ್ದು ಇದೊಂದೇ ಗೋಡೆ." ಅವರು ಬಟ್ಟೆಯನ್ನು ಇನ್ನಷ್ಟು ಕೆಳಗೆ ಎಳೆದರು. "ಇಲ್ಲಿ ನೋಡು. ಇದು ದಿನಾ ಮೊದ್ಲು ಹೇಳಿಸುದು."

ಅಲ್ಲಿ ಮೂರು ಪದಗಳಿದ್ದವು. ಮೂರರ ಕೊನೆಗೂ ತಮಿಳಿನ 'ಐ' ಬರೆದು ಕೆಂಪಿನಲ್ಲಿ ಹೊಡೆದುಹಾಕಿತ್ತು.

"ತಲೈ ಅಲ್ಲ, ತಲೆ. ಮಳೈ ಅಲ್ಲ, ಮಳೆ. ಮನೈ ಅಲ್ಲ, ಮನೆ. ಬಾಯಿ ಸಣ್ಣ ಮಾಡು, ಬಾಯಿ ಸಣ್ಣ ಮಾಡು ಅಂತ ಕೋಲು ಕುಟ್ಟುದು. ಪಾಪ ಆ ಹುಡ್ಗೀರು ಅಳುದು."

ಇಬ್ಬರೂ ನಕ್ಕೆವು. ನಾನು ಫೋನಿನಲ್ಲಿ ಚಿತ್ರ ತೆಗೆದೆ. ಕಿಟಕಿ ತೆರೆದಿದ್ದರಿಂದ ಬಿಸಿಗಾಳಿ ಬರುತ್ತಿತ್ತು. ಮೇಲಿನ ಸಾಲು ಆಗಲೇ ಒಣಗಿ ಮಾಯವಾಗುತ್ತಿತ್ತು. ಕೊನೆಯ ಚಿತ್ರ ತೆಗೆಯುವ ಹೊತ್ತಿಗೆ ಗೋಡೆ ಮತ್ತೆ ಬಿಳಿ.

"ರಸ್ತೆ ಬರ್ಲಿ," ಎಂದರು ವಾರಿಜಕ್ಕ ಬೀಗ ಹಾಕುತ್ತ. "ಬೇಡ ಅಂತ ನಾನು ಹೇಳುದಿಲ್ಲ. ಕೊಯಮತ್ತೂರಿನವ್ರಿಗೆ ಹೇಳಿದ್ರೆ ನಗ್ತಾರೆ. ನೀನು ಬರ್ದು ಹಾಕು, ಇಲ್ಲಿ ಹೀಗೊಂದು ಗೋಡೆ ಉಂಟು ಅಂತ. ಬರೀತಿಯಲ್ಲ?"

"ಬರೀತೀನಿ ವಾರಿಜಕ್ಕ," ಎಂದೆ. ಬರೆದೆ ಕೂಡ. ಅದೇ ಮೆಸ್ಸಿನ ಬೆಂಚಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಮೂರು ಪುಟ ಬರೆದೆ. ಈ ಮಾತನ್ನು ನಾನು ಒತ್ತಿ ಹೇಳುವುದು ಯಾಕೆ ಎಂದು ನನಗೇ ಅನುಮಾನ ಬರುತ್ತದೆ, ಆದರೆ ಬರೆದದ್ದು ನಿಜ.

ಹೊರಗೆ ಬಂದಾಗ ಸೆಲ್ವಂ ಗಲ್ಲಿಯ ತುದಿಯಲ್ಲಿ, ಆ ತಗಡಿನ ಗೇಟಿನ ಮುಂದೆ, ಟ್ಯಾಬು ಹಿಡಿದು ನಿಂತಿದ್ದ. ಬಿಸಿಲಿನ ಕಾವಿಗೆ ಅದರ ಪರದೆ ಮತ್ತೆ ಮತ್ತೆ ಆರುತ್ತಿತ್ತು. ಬೆವರು ಒರೆಸಿಕೊಂಡು ಕೇಳಿದ, "ನಾಪ್ಪತ್ತೊಣ್ಣು ಬಿ, ಉಳ್ಳೇ ಎನ್ನ ಮೇಡಂ?" ನಲವತ್ತೊಂದು-ಬಿ, ಒಳಗೇನಿದೆ?

"ಖಾಲಿ ಮನೆ. ಉಳಿದದ್ದು ನಾನು ಬರೆದಿದ್ದೇನೆ," ಎಂದೆ.

ಅಥವಾ "ಕಾಲಿ ಮನೈ" ಎಂದೆನೋ. ಅವನಿಗೆ ಹೇಳುವಾಗ ನಾನು ಪದಗಳ ತುದಿಯನ್ನು ತಮಿಳಿನ ಹಾಗೆ ಅಗಲ ಮಾಡಿ ಹೇಳುವ ರೂಢಿ ಮಾಡಿಕೊಂಡಿದ್ದೆ. ಅವನು ತಲೆ ಆಡಿಸಿ ಬರೆದ. ಯಾವುದನ್ನು ಹೇಳಿದ್ದರೂ ಅವನು ಕೇಳಿಸಿಕೊಂಡದ್ದು ಒಂದೇ. ಕನ್ನಡದಲ್ಲಿ ಮನೆ ಎಂದರೆ ಮನೆ. ಅವನ ತಮಿಳಿನಲ್ಲಿ ಮನೈ ಎಂದರೆ ಸೈಟು. ಕಾಲಿ ಮನೈ ಎಂದರೆ ಏನೂ ಕಟ್ಟದ, ಬರಿಯ ಜಾಗ. ಆ ಊರಿನಲ್ಲಿ ಸೈಟು ಮಾರುವ ಪ್ರತಿ ಬೋರ್ಡಿನ ಮೇಲೂ ಆ ಮಾತು ಇರುತ್ತದೆ. ಒಂದು ವರ್ಷ ಅವನ್ನೆಲ್ಲ ದಾಟಿ ಓಡಾಡಿದ್ದೇನೆ. ಓದಲು ಬಂದ ಮೇಲೂ ಖಾಲಿ ಮನೆ ಬಾಡಿಗೆಗಿದೆ ಎಂದುಕೊಂಡೇ ದಾಟಿದ್ದೇನೆ.

ಮುಂದಿನ ತಿಂಗಳು ಒಂದು ಕಲ್ಯಾಣ ಮಂಟಪದಲ್ಲಿ ಜನರ ಸಭೆ ಕರೆದರು. ಮದುವೆಯ ಕೆಂಪು ಕುರ್ಚಿಗಳು, ಮೇಲೆ ಸದ್ದು ಮಾಡುವ ಫ್ಯಾನುಗಳು. ಅಧಿಕಾರಿಗಳು ವೇದಿಕೆಯ ಮೇಲೆ. ಒಬ್ಬ ಗುಮಾಸ್ತ ಮೈಕಿನಲ್ಲಿ ಪಟ್ಟಿ ಓದುತ್ತಿದ್ದ, ಸಂಖ್ಯೆ ಮತ್ತು ಅಲ್ಲಿ ಏನಿದೆ ಎಂಬುದು ಮಾತ್ರ. ತಪ್ಪಿದ್ದರೆ ಎದ್ದು ನಿಂತು ಹೇಳಬೇಕು, ಅಲ್ಲೇ ತಿದ್ದುತ್ತಾರೆ. ಕೆಲವರು ಎದ್ದರು, ತಿದ್ದಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ವಾರಿಜಕ್ಕ ಮುಂದೆ, ಇಸ್ತ್ರಿ ಮಾಡಿದ ಹಸಿರು ಸೀರೆಯಲ್ಲಿ.

"ನಾಪ್ಪತ್ತೊಣ್ಣು, ಉಣವಗಂ," ಎಂದ ಗುಮಾಸ್ತ. ಅಂದರೆ ಮೆಸ್ಸು. "ನಾಪ್ಪತ್ತೊಣ್ಣು ಬಿ, ಕಾಲಿ ಮನೈ."

ವಾರಿಜಕ್ಕ ಅರ್ಧ ಎದ್ದರು. ಕುರ್ಚಿಯ ಕೈಯ ಮೇಲೆ ಅವರ ಕೈ ಇತ್ತು. ಹಿಂದೆ ತಿರುಗಿ ನನ್ನನ್ನು ಹುಡುಕಿದರು.

ಆ ಕ್ಷಣ ನನ್ನ ತಲೆಯಲ್ಲಿ ಏನಿತ್ತು ಎಂಬುದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಮೇಷ್ಟ್ರ ಗೋಡೆ ನೆನಪಾಗಿತ್ತು. ಮನೈ ಅಲ್ಲ, ಮನೆ. ಗುಮಾಸ್ತ ಬಾಯಿ ಅಗಲ ಮಾಡಿ ಹೇಳಿದ, ಮೇಷ್ಟ್ರು ಇದ್ದಿದ್ದರೆ ಕೋಲು ಕುಟ್ಟುತ್ತಿದ್ದರು ಎಂದು ನಗು ಬಂತು. ಅವನು ಹೇಳಿದ್ದನ್ನು ನಾನೇ ಒಳಗೊಳಗೇ ತಿದ್ದಿಕೊಂಡೆ. ಖಾಲಿ ಮನೆ. ಸರಿಯಾಗಿದೆ, ಪಟ್ಟಿಯಲ್ಲಿ ಸೇರಿದೆ. ನಾನು ವಾರಿಜಕ್ಕನ ಕಡೆ ನೋಡಿ ನಗುತ್ತಲೇ ತಲೆ ಆಡಿಸಿದೆ.

ಅವರು ಇನ್ನೊಂದು ಕ್ಷಣ ನನ್ನನ್ನೇ ನೋಡಿದರು. ನಾನು ಮತ್ತೆ ಆಡಿಸಿದೆ. ಅವರು ಕೂತರು.

ಗುಮಾಸ್ತ ನಲವತ್ತೆರಡಕ್ಕೆ ಹೋದ.

ಅದು ತಪ್ಪು ಎಂದು ನನಗೆ ತಿಳಿದದ್ದು ಮಳೆಗಾಲ ಹಿಡಿಯುವ ಹೊತ್ತಿಗೆ, ಅಂತಿಮ ವರದಿಯ ಇಂಗ್ಲಿಷ್ ಪ್ರತಿ ಮೇಜಿಗೆ ಬಂದಾಗ. ನಲವತ್ತೊಂದು-ಬಿಯ ಮುಂದೆ ಕಟ್ಟಡವಿಲ್ಲದ ನಿವೇಶನ ಎಂದಿತ್ತು. ಖಾಲಿ ನಿವೇಶನಗಳಿಗೆ ಪರಂಪರೆಯ ಪಟ್ಟಿಯಲ್ಲಿ ಜಾಗವೇ ಇಲ್ಲ. ನನ್ನ ಮೂರು ಪುಟ ಎಲ್ಲಿ ಹೋಯಿತು ಎಂದು ಹುಡುಕಿದೆ. ಪುಟಗಳು ಇದ್ದವು. ಕಟ್ಟಡವೇ ಇಲ್ಲದ ಕಡೆ ಗೋಡೆ ಎಲ್ಲಿಂದ ಬರುತ್ತದೆ ಎಂದು, ವರದಿ ಜೋಡಿಸುವವರು ಅವನ್ನು ನಲವತ್ತೊಂದಕ್ಕೆ, ಮೆಸ್ಸಿಗೆ, ಸೇರಿಸಿದ್ದರು. ಮೆಸ್ಸು ರಸ್ತೆಯ ದಾರಿಗೆ ಸಿಗುತ್ತಿರಲಿಲ್ಲ. ಆದ್ದರಿಂದ ಕೊನೆಗೆ ಒಂದು ಸಾಲು: ಗೋಡೆಗೆ ಯೋಜನೆಯಿಂದ ಯಾವ ಬಾಧೆಯೂ ಇಲ್ಲ.

ಸೆಲ್ವಂನನ್ನು ಕರೆದು ತೋರಿಸಿದೆ.

"ನೀಂಗದಾನೇ ಸೊನ್ನೀಂಗ ಮೇಡಂ," ನೀವೇ ಅಲ್ಲವೇ ಹೇಳಿದ್ದು ಎಂದ. "ಕಾಲಿ ಮನೈ."

"ಹೌದು. ಖಾಲಿ ಮನೆ."

"ಅದಾನೇ." ಅದೇ ತಾನೇ.

ಅವನು ನಿಧಾನವಾಗಿ ಪೆನ್ಸಿಲ್ ತೆಗೆದು ಕಾಗದದ ಮೇಲೆ ಒಂದು ಚೌಕ ಬರೆದ, ಬರಿಯ ಚೌಕ. "ಮನೈ," ಎಂದ. ನಾನು ಪೆನ್ಸಿಲ್ ಇಸಿದುಕೊಂಡು ಆ ಚೌಕದ ಮೇಲೆ ಒಂದು ಸೂರು ಬರೆದೆ. ಅವನ ಮುಖದ ಬಣ್ಣ ಇಳಿಯಿತು. "ಆದ್ರೆ ಸಭೆಯಲ್ಲಿ ಓದಿದಾಗ ನೀವೂ ಇದ್ರಲ್ಲ ಮೇಡಂ," ಎಂಬ ಅರ್ಥದ್ದೇನೋ ಹೇಳಿದ. ತಮಿಳೋ ಇಂಗ್ಲಿಷೋ ನೆನಪಿಲ್ಲ. ದೂರುವ ಧ್ವನಿಯಲ್ಲ ಅದು. ಅವನಿಗೂ ಅರ್ಥವಾಗುತ್ತಿರಲಿಲ್ಲ.

ಅವತ್ತೇ ತಿದ್ದುಪಡಿಯ ಪತ್ರ ಬರೆದು ಕಚೇರಿಯ ಹಿರಿಯರ ಸಹಿ ಹಾಕಿಸಿದೆ. ಅವರು ಫೋನಿನ ಚಿತ್ರಗಳನ್ನು ನೋಡಿದರು. ಒಂದರಲ್ಲಿ ಅರ್ಧ ಸಾಲು, ಇನ್ನೊಂದರಲ್ಲಿ ನೀರಿನ ಕಲೆ. "ಇದು ಗೋಡೆಗೆ ಥಂಡಿ ಹಿಡಿದ ಹಾಗಿದೆಯಲ್ಲಮ್ಮಾ," ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು, ಆದರೂ ಸಹಿ ಹಾಕಿದರು. ಒದ್ದೆ ಮಾಡಿ ಸರಿಯಾಗಿ ತೆಗೆಯೋಣ ಎಂದು ಸೆಲ್ವಂ ಒಳ್ಳೆಯ ಕ್ಯಾಮೆರಾ ತಂದ. ಮಧ್ಯಾಹ್ನ ಇಬ್ಬರೂ ಹೋದೆವು. ಮಳೆ ಒಂದು ಸುತ್ತು ಬಂದು ನಿಂತಿತ್ತು.

ತಗಡಿನ ಗೇಟು ಇರಲಿಲ್ಲ. ಬೇವಿನ ಮರ ಇತ್ತು. ಅದರ ಹಿಂದೆ ಸಮ ಮಾಡಿದ ನೆಲ, ಮೂಲೆಯಲ್ಲಿ ಇಟ್ಟಿಗೆಯ ಗುಡ್ಡೆ. ಪಟ್ಟಿಯಲ್ಲಿ ಖಾಲಿ ನಿವೇಶನ ಎಂದಿರುವುದರಿಂದ ಖಾಲಿ ಮಾಡಿಯೇ ರಸ್ತೆಯವರಿಗೆ ಒಪ್ಪಿಸೋಣ ಎಂದು ಕೊಯಮತ್ತೂರಿನವರು ಹಿಂದಿನ ವಾರ ಆಳು ಕಳಿಸಿ ಕೆಡವಿಸಿದ್ದರು. ಒದ್ದೆ ಸುಣ್ಣದ ವಾಸನೆ ಗಲ್ಲಿಯ ತುಂಬ ಇತ್ತು. ಸೆಲ್ವಂ ಗುಡ್ಡೆಯ ಬಳಿ ಕೂತು ಒಂದೊಂದೇ ತುಂಡು ತಿರುಗಿಸಿ ನೋಡತೊಡಗಿದ. ಒಂದೆರಡರ ಮೇಲೆ ಕಪ್ಪು ಗೆರೆ ಇತ್ತು. ಅಕ್ಷರವೋ ಮಸಿಯೋ ತಿಳಿಯಲಿಲ್ಲ. ಅವನು ಸುಮಾರು ಹೊತ್ತು ಹುಡುಕಿದ. ಅವನು ಪಟ್ಟಿಯಲ್ಲಿ ಬರೆದಿದ್ದದ್ದು ಈಗ ಸರಿಯಾಗಿತ್ತು.

ನಾನು ಮೆಸ್ಸಿಗೆ ಹೋದೆ. ಊಟದ ಹೊತ್ತು ಮುಗಿದು ವಾರಿಜಕ್ಕ ಮೇಜು ಒರೆಸುತ್ತಿದ್ದರು. ನನ್ನನ್ನು ನೋಡಿ ಒರೆಸುವುದನ್ನು ನಿಲ್ಲಿಸಲಿಲ್ಲ.

"ಅವತ್ತು ಸಭೆಯಲ್ಲಿ ನೀನು ತಲೆ ಆಡಿಸಿದ್ದು ಯಾಕೆ?" ಎಂದರು. "ಕಾಲಿ ಮನೈ ಅಂದ ಕೂಡ್ಲೆ ಗೊತ್ತಾಯ್ತು ನಂಗೆ, ಸೈಟು ಅಂತ ಬರ್ದಿದ್ದಾರೆ ಅಂತ. ಹೇಳುವಾ ಅಂತ ಎದ್ದೆ. ನೀನು ನಗಾಡಿದೆ. ಓದಿದವ್ಳು, ಎಂತದೋ ಉಪಾಯ ಮಾಡಿದ್ದಾಳೆ ಅಂತ ಕೂತೆ."

ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ, ಗೇಟಿನ ಮುಂದೆ ಹೇಳಿದ್ದು, ಸೆಲ್ವಂ ಕೇಳಿಸಿಕೊಂಡದ್ದು, ಮೈಕಿನಲ್ಲಿ ಬಂದದ್ದನ್ನು ನಾನೇ ತಿದ್ದಿಕೊಂಡದ್ದು. ಹೇಳುತ್ತ ಹೋದಂತೆ ಅದು ನನಗೇ ನಂಬಲಾಗದ ಸಣ್ಣ ವಿಷಯವಾಗಿ ಕೇಳಿಸಿತು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನಿಂಗೆ ಗೊತ್ತೇ ಇರ್ಲಿಲ್ವಾ?" ಎಂದರು ಕೊನೆಗೆ.

"ಇಲ್ಲ ವಾರಿಜಕ್ಕ."

ಅವರು ನನ್ನನ್ನು ನೋಡಿದ ರೀತಿಯನ್ನು ಏನೆಂದು ಕರೆಯಬೇಕೋ ಕಳೆದ ವಾರ ಬಸ್ಸಿಳಿದು ಆ ಬಿಸಿಲಲ್ಲಿ ನಿಂತು ಯೋಚಿಸಿದಾಗಲೂ ನನಗೆ ಹೊಳೆಯಲಿಲ್ಲ. ಸಿಟ್ಟಿರಲಿಲ್ಲ. ಕ್ಷಮೆಯೂ ಅಲ್ಲ. ಮೇಷ್ಟ್ರು ಆ ಹುಡುಗಿಯರನ್ನು ಹಾಗೆ ನೋಡುತ್ತಿದ್ದಿರಬಹುದು.

"ಹೇಳು," ಎಂದರು. "ಮನೈ."

"ಮನೈ," ಎಂದೆ.

"ಈಗ ಮನೆ."

"ಮನೆ."

"ಬಾಯಿ ಸಣ್ಣ ಮಾಡು. ಇನ್ನೊಂದ್ಸಲ."

ಸೆಲ್ವಂ ಕೈಯೆಲ್ಲ ಸುಣ್ಣ ಮಾಡಿಕೊಂಡು ಬಾಗಿಲಿಗೆ ಬಂದು ನಿಂತಿದ್ದ. ಒಳಗೆ ಏನು ನಡೆಯುತ್ತಿದೆ ಎಂದು ಅವನಿಗೆ ಗೊತ್ತಾಗಲಿಲ್ಲ, ಆದರೂ ಚಪ್ಪಲಿ ಬಿಟ್ಟು ಒಳಗೆ ಬಂದ. ನಾನು ಇನ್ನೊಂದು ಸಲ ಹೇಳಿದೆ. ಮತ್ತೊಂದು ಸಲ ಹೇಳಿದೆ. ವಾರಿಜಕ್ಕ ಸರಿ ಎನ್ನಲಿಲ್ಲ, ತಪ್ಪು ಎಂದೂ ಎನ್ನಲಿಲ್ಲ. ಬಟ್ಟೆಯನ್ನು ನೀರಿಗೆ ಅದ್ದಿ ಮುಂದಿನ ಮೇಜಿಗೆ ಹೋದರು.